ಕೋಡಿ ನೀರು ಯಾರ ಹಿತ್ತಲಿಗೆ?

ನ್ಯೂಜೆರ್ಸಿಯ ನಮ್ಮ ಟೌನ್‌ಶಿಪ್‌ನ ಪರಿಸರ ಆಯೋಗಕ್ಕೆ ಮೇಯರ್ ನನ್ನನ್ನು ನೇಮಿಸಿದಾಗ ತಿಪಟೂರಿನಿಂದ ಅಪ್ಪ ಫೋನಲ್ಲಿ ಕೇಳಿದ್ದು, "ಸಂಬಳ ಎಷ್ಟಪ್ಪ?" ಇಲ್ಲ ಅಂದೆ. "ಅಧಿಕಾರ?" ಅದೂ ಇಲ್ಲ. "ಮತ್ತೆ ಯಾತಕ್ಕೆ ಹೋಗ್ತೀಯ?" ಕಾಗದ ಬರೆಯೋದಕ್ಕೆ ಅಂದೆ. ತಮಾಷೆ ಅಂದುಕೊಂಡರು.

1968ರ ರಾಜ್ಯ ಕಾನೂನಿನ ಪ್ರಕಾರ ಇಲ್ಲಿನ ಯಾವ ಪುರಸಭೆ ಬೇಕಾದರೂ ಇಂಥ ಆಯೋಗ ಮಾಡಿಕೊಳ್ಳಬಹುದು, ಮಾಡಲೇಬೇಕೆಂದಿಲ್ಲ. ಐದರಿಂದ ಏಳು ಸದಸ್ಯರು, ಮೂರು ವರ್ಷದ ಅವಧಿ. ಅವರಲ್ಲಿ ಒಬ್ಬರು ಪ್ಲಾನಿಂಗ್ ಬೋರ್ಡ್‌ನಲ್ಲೂ ಇರಬೇಕು. ಕಟ್ಟಡಗಳ ನಕ್ಷೆಗೆ ಮಂಜೂರಾತಿ ಕೊಡುವುದು ಆ ಬೋರ್ಡು. ನಾವು ಬರೀ ಸಲಹೆಗಾರರು. ಊರಿನ ಹಳ್ಳ, ಜೌಗು, ಮರ, ಮಣ್ಣಿನ ಪಟ್ಟಿ ಮಾಡಿ ಬೋರ್ಡಿಗೆ ಒಪ್ಪಿಸಿದ್ದರೆ, ಬರುವ ಪ್ರತಿ ಅರ್ಜಿಯ ಪ್ರತಿಯನ್ನೂ ಅವರು ನಮಗೆ ಕಳಿಸಬೇಕು. ನಮ್ಮ ಪಟ್ಟಿ ತೀರಾ ಹಳೆಯದಾಗಿತ್ತು. ಮೊದಲ ವರ್ಷವೆಲ್ಲ ಅದನ್ನು ತಿದ್ದುವುದರಲ್ಲೇ ಹೋಯಿತು. ಈ ನಡುವೆ ನಾನು ಉತ್ಸಾಹದಿಂದ ಸದಸ್ಯರದೊಂದು ವಾಟ್ಸಾಪ್ ಗ್ರೂಪ್ ಮಾಡಿ, ಟೌನ್‌ಶಿಪ್ ವಕೀಲರಿಂದ ಬೈಸಿಕೊಂಡು ಅಳಿಸಿದ್ದೂ ಆಯಿತು. ಆಯೋಗದ ಚರ್ಚೆ ಜನರೆದುರು ನಡೆಯಬೇಕು ಅನ್ನುವುದು ಇಲ್ಲಿ 1975ರಿಂದಲೇ ಕಾನೂನು.

ಆಮೇಲೆ ಬಂತು ಗೋದಾಮಿನ ಅರ್ಜಿ. ಇಲ್ಲೀಗ ಹೊಲ ಕಂಡಲ್ಲೆಲ್ಲ ಗೋದಾಮು. ನಾನು ಎರಡು ಪುಟ ಬರೆದೆ: ಹವಾಮಾನ, ಹಕ್ಕಿಗಳು, ಮುಂದಿನ ಪೀಳಿಗೆ. ಬೋರ್ಡಿನ ಅಧ್ಯಕ್ಷರು ಥ್ಯಾಂಕ್ಸ್ ಹೇಳಿ ಪಕ್ಕಕ್ಕಿಟ್ಟರು. ನಮ್ಮ ಆಯೋಗದ ಹಿರಿಯಜ್ಜಿಯೊಬ್ಬರು ಹೊರಗೆ ಕಾರ್ ಪಾರ್ಕಿಂಗಲ್ಲಿ ಹಿಡಿದುಕೊಂಡರು: "ನಿನ್ನ ಸಂಕಟ ಅವರೇನು ಮಾಡಲಿ? ಷರತ್ತು ಅಂತ ಬರೆದುಕೊಳ್ಳೋ ಹಾಗೆ ಏನು ಕೊಟ್ಟೆ?" ಸರಿಯಾದ ಮಾತು. ಎಲ್ಲಿ ಏನು ಕಟ್ಟಬಹುದೆಂಬ ವಲಯದ ನಿಯಮಕ್ಕೆ ಒಪ್ಪುವ ಯೋಜನೆಯನ್ನು ಇಷ್ಟವಿಲ್ಲ ಅನ್ನುವ ಕಾರಣಕ್ಕೆ ಬೋರ್ಡು ತಿರಸ್ಕರಿಸುವಂತಿಲ್ಲ. ಆದರೆ ಷರತ್ತು ಹಾಕಬಹುದು.

ನಕ್ಷೆಯ ಕಟ್ಟನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದು ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲ ಕೆದಕುವ ಯೋಜನೆಗಳು ಮಳೆನೀರನ್ನು ಇಂಗಿಸಿ, ಸೋಸಿ ಅಥವಾ ಹಿಡಿದಿಟ್ಟು ನಿಭಾಯಿಸಬೇಕೆಂಬ ನಿಯಮ 2021ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅದಕ್ಕೊಂದು ತಗ್ಗು ಹೊಂಡ ತೋರಿಸಿದ್ದರು, ಲೆಕ್ಕವೆಲ್ಲ ಚೊಕ್ಕ. ಕೆರೆ ಏರಿ ಮೇಲೆ ಆಡಿ ಬೆಳೆದವನಿಗೆ ಕಣ್ಣು ಹೋಗುವುದು ಕೋಡಿಯ ಕಡೆಗೇ. ಹೊಂಡ ತುಂಬಿದರೆ ನೀರು ಎತ್ತ ಹೋಗುತ್ತೆ? ಸಣ್ಣ ಬಾಣವೊಂದು ದಕ್ಷಿಣಕ್ಕೆ ತೋರಿಸುತ್ತಿತ್ತು. ಅಲ್ಲಿಂದಾಚೆ ನಕ್ಷೆ ಖಾಲಿ. ನೆಲದ ಎತ್ತರ ತೋರಿಸುವ ಗೆರೆಗಳು ಜಾಗದ ಗಡಿಗೇ ನಿಂತಿದ್ದವು.

ಶನಿವಾರ ರಬ್ಬರ್ ಬೂಟು ಹಾಕಿಕೊಂಡು ಹೋದೆ. ಬೇಲಿಯ ಆಚೆ ನೆಲ ಇಳಿಜಾರಾಗಿ ಐದಾರು ಮನೆಗಳ ಹಿತ್ತಲು ಸೇರುತ್ತಿತ್ತು. ಒಬ್ಬ ಮನೆಯಾತ ಕರೆದು ನೆಲಮಾಳಿಗೆ ತೋರಿಸಿದ. ಗೋಡೆಯ ಮೇಲೆ ನನ್ನ ಮೊಣಕಾಲಿನೆತ್ತರಕ್ಕೆ ಕಂದು ಗೆರೆ: 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಯ ಗುರುತು. ಅಲ್ಲಿ ಗೋದಾಮು ಬರುವ ಮುಂಚೆಯೇ ಇಷ್ಟು ನೀರು.

ಎರಡನೇ ಕಾಗದ ಅರ್ಧ ಪುಟ. ಕೋಡಿಯಿಂದಾಚೆ 200 ಅಡಿವರೆಗಿನ ನೆಲದ ಎತ್ತರ ತೋರಿಸಿ. ನಕ್ಷೆಯಲ್ಲಿರುವ ಕ್ಯಾಲರಿ ಪೇರ್ ಗಿಡ ಇಲ್ಲಿ ಕಳೆಯಂತೆ ಹಬ್ಬುತ್ತೆ, ಅದರ ಬದಲು ಸ್ಥಳೀಯ ಬ್ಲ್ಯಾಕ್ ಗಮ್ ಮರ ನೆಡಿ. ಹೊಂಡದ ಹೂಳು ಯಾರು ತೆಗೆಯುತ್ತಾರೆ, ಯಾರಿಗೆ ವರದಿ ಕೊಡುತ್ತಾರೆ ಬರೆಯಿರಿ. ವಿಚಾರಣೆಗೆ ಹತ್ತು ದಿನ ಮೊದಲೇ ಕಳಿಸಿದೆವು, ಬೋರ್ಡಿನ ಎಂಜಿನಿಯರಿಗೂ ಒಂದು ಪ್ರತಿ. ಬೆಲೆ ಸಿಕ್ಕಿದ್ದು ಎಂಜಿನಿಯರಿಗೆ ಕಳಿಸಿದ ಪ್ರತಿಯಿಂದ ಅಂತ ನನ್ನ ಅಂದಾಜು: ವಿಚಾರಣೆಯ ರಾತ್ರಿ ಮೊದಲ ಪ್ರಶ್ನೆ ಅವರೇ ಕೇಳಿದರು. ಕೋಡಿಯನ್ನು ಪೂರ್ವಕ್ಕೆ, ರಸ್ತೆ ಬದಿಯ ಚರಂಡಿಗೆ ತಿರುಗಿಸಬೇಕು ಅನ್ನುವುದು ನಿರ್ಣಯದಲ್ಲಿ ಷರತ್ತಾಗಿ ಬಂತು. ಮರಗಳೂ ಬದಲಾದವು. ಹೂಳಿನ ಮಾತು ತೇಲಿಹೋಯಿತು.

ಗೋದಾಮಿಗೆ ಅನುಮತಿಯೂ ಸಿಕ್ಕಿತು. "ನಿಲ್ಲಿಸೋಕಾಗದ ಆಯೋಗ ಯಾಕೆ?" ಎಂದು ಸಭೆಯಲ್ಲೇ ಒಬ್ಬಾಕೆ ನನ್ನ ಮುಖಕ್ಕೆ ಕೇಳಿದರು. ನಿಲ್ಲಿಸುತ್ತೇವೆಂದು ಸೇರಿದವರು ಆರು ತಿಂಗಳಲ್ಲಿ ಬೇಸತ್ತು ಬಿಡುವುದನ್ನೂ ನೋಡಿದ್ದೇನೆ.

ಅಪ್ಪನಿಗೆ ಕೋಡಿ ತಿರುಗಿಸಿದ ಕಥೆ ಹೇಳಿದೆ. ಈ ಸಲ ಪೂರ್ತಿ ಕೇಳಿಸಿಕೊಂಡರು.

"ಕೆರೆ ನೀರು ಬಿಡೋ ನೀರುಗಂಟಿ ಕೆಲಸ ಅನ್ನು. ಅವನಿಗಾದ್ರೂ ಸುಗ್ಗೀಲಿ ಭತ್ತ ಅಳೀತಿದ್ರು ಕಣಪ್ಪ."