ನೈಟ್ ನರ್ಸ್ ಆಲ್ಬಮ್‌ನ ಬಾಸ್ ನಾನು ಕಲಿತ ಬಗೆ

ಜಮೈಕಾದ ರೆಗ್ಗೆ ಗಾಯಕ ಗ್ರೆಗರಿ ಐಸಾಕ್ಸ್ ಅವರ 'ನೈಟ್ ನರ್ಸ್' ಕೇಳಿದವರೆಲ್ಲ ಆ ದನಿಯನ್ನು ಹೊಗಳುತ್ತಾರೆ. ನಾನು ಹಾಡಿನ ತಳದ ಸ್ವರ ಹಿಡಿಯುವ ಬಾಸ್ ಗಿಟಾರ್ ನುಡಿಸುವವನು. ಹಾಗಾಗಿ ಈ ಆಲ್ಬಮ್‌ನ ಒಳಗೆ ಹೋಗಿದ್ದು ತಳದಿಂದ. ಹೋದ ಮೇಲೆ ಒಂದು ವಿಷಯ ಖಾತ್ರಿಯಾಯಿತು. ಮೇಲೆ ದನಿ ಎಷ್ಟು ಮೆತ್ತಗಿದೆಯೋ, ಕೆಳಗೆ ತಾಳ ಅಷ್ಟೇ ಬಿಗಿಯಾಗಿದೆ.

1982ರ ಆಲ್ಬಮ್ ಇದು. ರೆಕಾರ್ಡ್ ಆಗಿದ್ದು ಜಮೈಕಾದ ಕಿಂಗ್‌ಸ್ಟನ್‌ನ ಟಫ್ ಗಾಂಗ್ ಸ್ಟುಡಿಯೋದಲ್ಲಿ. ನುಡಿಸಿದ್ದು ರೂಟ್ಸ್ ರಾಡಿಕ್ಸ್ ತಂಡ. ಬಾಸ್ ಫ್ಲಾಬಾ ಹೋಲ್ಟ್, ಡ್ರಮ್ಸ್ ಸ್ಟೈಲ್ ಸ್ಕಾಟ್. ಆಗಿನ ಡಾನ್ಸ್‌ಹಾಲ್ (ರೆಗ್ಗೆಯಿಂದ ಹುಟ್ಟಿದ ಕುಣಿತದ ಶೈಲಿ) ಗಾಯಕರಿಗೆ ಭಾರೀ ತೂಕದ ರಿದಮ್ ಕಟ್ಟಿಕೊಡುತ್ತಿದ್ದವರೂ ಇವರೇ. ಪ್ರೇಮಗೀತೆ ಅಂತ ಇಲ್ಲಿ ತೂಕ ಇಳಿಸಲಿಲ್ಲ ನೋಡಿ, ನನಗೆ ಹಿಡಿಸಿದ್ದು ಅದೇ.

ಮೊದಲು ಬಾಸ್ ಮುಟ್ಟದೆ ಬರೀ ಕೈತಟ್ಟಿ ಎಣಿಸಿದೆ. ರೆಗ್ಗೆಯ 'ವನ್ ಡ್ರಾಪ್' ನಡೆ ಮೈಗೆ ಹತ್ತಬೇಕಲ್ವಾ? ನಾಲ್ಕು ಎಣಿಸಿ. ಒಂದರಲ್ಲಿ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಸುಮ್ಮನಿರುತ್ತದೆ. ಎರಡು ಮತ್ತು ನಾಲ್ಕರಲ್ಲಿ ಗಿಟಾರ್ 'ಚಕ್' ಅನ್ನುತ್ತದೆ. ಮೂರರಲ್ಲಿ ಕಿಕ್ ಮತ್ತು ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ ಒಟ್ಟಿಗೆ ಬೀಳುತ್ತವೆ. ನಮ್ಮಲ್ಲಿ ಸಮಕ್ಕೆ, ಅಂದರೆ ಮೊದಲ ಎಣಿಕೆಗೆ, ಒತ್ತು ಕೊಟ್ಟು ಅಭ್ಯಾಸವಾದ ಕೈಗೆ ಆ ಖಾಲಿ ಒಂದನ್ನು ಖಾಲಿಯಾಗಿಯೇ ಬಿಡೋದು ಕಷ್ಟ.

ಆಮೇಲೆ ಬಾಸ್. ಸದ್ದಿನ ಚೂಪು ಹೋಗಲಿ ಅಂತ ಟೋನ್ ನಾಬ್ ಪೂರ್ತಿ ಇಳಿಸಿದೆ. ಮೇಲ್ಮೈ ನುಣುಪಾದ ಫ್ಲಾಟ್‌ವೌಂಡ್ ತಂತಿ ಹಾಕಿದೆ. ಅಂಗೈ ಅಂಚನ್ನು, ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ ತಂತಿಯ ಮೇಲೆ ಒರಗಿಸಿ ಹೆಬ್ಬೆರಳಲ್ಲಿ ಮೀಟಿದೆ. ಸ್ವರಗಳೇನೋ ಬೇಗ ಸಿಕ್ಕವು, ಈ ಹಾಡುಗಳಲ್ಲಿ ಅವು ಜಾಸ್ತಿಯೂ ಇಲ್ಲ. ಸಮಯ ತೆಗೆದುಕೊಂಡಿದ್ದು ಪ್ರತಿ ಸ್ವರವನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು. ಒಂದು ಚೂರು ಉದ್ದ ಬಿಟ್ಟರೆ ಮುಂದಿನ 'ಚಕ್' ಮಸುಕಾಗುತ್ತದೆ, ಇಡೀ ಹಾಡು ಜೋಲುತ್ತದೆ. ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ, ಸ್ವಲ್ಪವೇ ಸಡಿಲಿಸಿ ಸದ್ದು ನಿಲ್ಲಿಸುವುದನ್ನು ನಿಧಾನ ವೇಗದಲ್ಲಿ ಪದೇ ಪದೇ ಮಾಡಿದೆ.

ಕೊನೆಗೆ ನುಡಿಸುತ್ತಲೇ ಹಾಡಲು ಕೂತೆ. ಈ ಹಾಡುಗಾರಿಕೆಯಲ್ಲಿ ಸೋಲ್ (ಅಮೆರಿಕದ ಕಪ್ಪುಜನರ ಭಾವತುಂಬಿದ ಹಾಡಿನ ಶೈಲಿ) ಎಲ್ಲಿದೆ ಅಂತ ಕಂಡಿದ್ದು ಆಗಲೇ. ಅಮೆರಿಕದ ರೇಡಿಯೋ ಕೇಳಿ ಬೆಳೆದ ಜಮೈಕಾದಲ್ಲಿ ಸೋಲ್ ಹೊಸದೇನಲ್ಲ. ರೆಗ್ಗೆಗೆ ಮುಂಚಿನ ಶೈಲಿಯಾದ 1960ರ ದಶಕದ ರಾಕ್‌ಸ್ಟೆಡಿಯಲ್ಲೇ ಗಾಯಕರಾದ ಆಲ್ಟನ್ ಎಲ್ಲಿಸ್, ಕೆನ್ ಬೂತ್ ಅದನ್ನು ತಮ್ಮದಾಗಿಸಿಕೊಂಡಿದ್ದರು. ಐಸಾಕ್ಸ್ ಅದರ ಆರ್ಭಟ ಬಿಟ್ಟು ಅಳಲನ್ನು ಮಾತ್ರ ಉಳಿಸಿಕೊಂಡರು. ಡಾಕ್ಟರ್ ಬೇಡ, ನರ್ಸೇ ಬೇಕು ಅಂತ ಬೇಡುವ ಹಾಡಲ್ಲೂ ದನಿ ಏರೋದಿಲ್ಲ. ಸಾಲುಗಳು ತಾಳಕ್ಕಿಂತ ತುಸು ಹಿಂದೆ ಬರುತ್ತವೆ. ಬಾಸ್ ಅಳುಕದೆ ನಿಂತಿದ್ದರೆ ಮಾತ್ರ ಹಾಗೆ ಹಿಂದುಳಿದು ಹಾಡಬಹುದು. ನನ್ನ ಹೆಬ್ಬೆರಳು ದನಿಯ ಜೊತೆ ತಾನೂ ಹಿಂದೆ ಸರಿದ ಕ್ಷಣ ಆ ಸುಖವೇ ಹೋಗುತ್ತದೆ.

ಕಲಿಯುವ ಆಸೆ ಇರುವವರು 'ಕೂಲ್ ಡೌನ್ ದ ಪೇಸ್' ಹಾಡಿನಿಂದ ಶುರು ಮಾಡಿ. ಹೆಡ್‌ಫೋನ್ ಹಾಕಿದರೆ ವಾಲಿ ಬಡಾರೂ ನುಡಿಸಿದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಕೂಡ ಬಿಡಿಬಿಡಿಯಾಗಿ ಕೇಳುತ್ತದೆ. ಫೋನ್ ಸ್ಪೀಕರ್ ಮಾತ್ರ ದಯವಿಟ್ಟು ಬೇಡ. ಬಾಸ್‌ನ ದಪ್ಪ ತಂತಿ ಮಿಡಿಯೋದು 41 ಹರ್ಟ್ಜ್ ಆಸುಪಾಸಿನಲ್ಲಿ. ಅಷ್ಟು ಕೆಳಗೆ ಫೋನ್ ಸ್ಪೀಕರ್ ಇಳಿಯೋದೇ ಇಲ್ಲ.