ಆಂಟೆನಾ ಸಿಮ್ಯುಲೇಶನ್ ಸ್ಪರ್ಧೆಗೆ ಹೊರಟಿದ್ದೀರಾ? ಮೊದಲು ಮೆಶ್ ನೋಡಿ, ಬಣ್ಣ ಆಮೇಲೆ

ಆಂಟೆನಾ ಹೇಗೆ ಕೆಲಸ ಮಾಡುತ್ತೆ ಅಂತ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ (ಅದೇ ಸಿಮ್ಯುಲೇಶನ್) ರಿಪೋರ್ಟ್ ಕಳಿಸುವ ವಿದ್ಯಾರ್ಥಿಗಳ ಸ್ಪರ್ಧೆ ಇದು. ಬೆಳಗಾವಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೂತು ಹಲವು ತಂಡಗಳ ರಿಪೋರ್ಟ್ ನೋಡಿದ್ದೇನೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ಥರ. ಕೆಂಪು, ಹಳದಿ, ನೀಲಿ ಬಣ್ಣದ ಚೆಂದದ ಚಿತ್ರಗಳು ಹತ್ತು ಪುಟ. "ಈ ಸಂಖ್ಯೆ ಸರಿ ಅಂತ ಹೇಗೆ ಗೊತ್ತು?" ಅಂತ ಕೇಳಿದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಸಾಫ್ಟ್‌ವೇರ್ ಕೊಟ್ಟಿದ್ದೇ ಅಷ್ಟು ಸರ್" ಅನ್ನುವುದು ಉತ್ತರವಲ್ಲ. ಸ್ಪರ್ಧೆ ಸೋಲುವುದು ಇಲ್ಲೇ. ಉತ್ತರ ಸರಿಯೋ ಅಂತ ತಿಳಿಯಲು ಮೊದಲು ನೋಡಬೇಕಾದ್ದು ಮೆಶ್, ಅಂದರೆ ಲೆಕ್ಕಕ್ಕಾಗಿ ಮಾದರಿಯನ್ನು ಕತ್ತರಿಸಿದ ಸಣ್ಣ ತುಂಡುಗಳ ಬಲೆ.

ಹೆಜ್ಜೆ 1: ವಿಷಯ. 5ಜಿ, ಉಪಗ್ರಹ ಅಂತ ಎಲ್ಲರೂ ಬರೆಯುತ್ತಾರೆ, ಬಿಡಿ. ಊರ ಸುತ್ತ ಕಣ್ಣು ಹಾಯಿಸಿ. ಗೋಕಾಕ, ಮುಧೋಳ, ಜಮಖಂಡಿ ಕಡೆ ಹೋದರೆ ಕಬ್ಬೇ ಕಬ್ಬು. ಮಣ್ಣಿನ ತೇವ ಅಳೆಯುವ ಸೆನ್ಸರ್ ಒಂದನ್ನು ಆ ಹೊಲದಲ್ಲಿ ನೆಟ್ಟರೆ, ಹಸಿ ಮಣ್ಣಿಗೆ ಅಂಟಿಕೊಂಡಂತೆ ನಿಂತ ಅದರ ಆಂಟೆನಾ ಹೇಗೆ ಕೆಲಸ ಮಾಡುತ್ತೆ? ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಬಳಸಲು ಲೈಸೆನ್ಸ್ ಬೇಡ. ಅಲ್ಲಿ ತರಂಗದ ಉದ್ದ ಸುಮಾರು 346 ಮಿಲಿಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 86 ಮಿಲಿಮೀಟರಿನ ಒಂದು ನೆಟ್ಟಗಿನ ತಂತಿ ಸಾಕು. ಇಷ್ಟು ಸರಳ ಆಂಟೆನಾ ಇಟ್ಟುಕೊಂಡೇ ಒಳ್ಳೆಯ ಪ್ರಶ್ನೆ ಕೇಳಬಹುದು.

ಹೆಜ್ಜೆ 2: ಸಾಫ್ಟ್‌ವೇರ್. ಫೆಕೋ, ಸಿಎಸ್‌ಟಿ, ಎಚ್‌ಎಫ್‌ಎಸ್‌ಎಸ್ ಮೂರಕ್ಕೂ ವಿದ್ಯಾರ್ಥಿಗಳ ಉಚಿತ ಆವೃತ್ತಿ ಇದೆ. ಓಪನ್‌ಇಎಂಎಸ್ ಅಂತೂ ಪೂರ್ತಿ ಉಚಿತ. ತಂತಿ ಮತ್ತು ನೆಲದ ಲೆಕ್ಕಕ್ಕೆ ನನ್ನ ಮತ ಫೆಕೋಗೆ. ದಕ್ಷಿಣ ಆಫ್ರಿಕಾದಲ್ಲಿ ಬೆಳೆದ ಸಾಫ್ಟ್‌ವೇರ್ ಇದು, ಇದರ ಹೆಸರಿನಲ್ಲೇ ವಿದ್ಯಾರ್ಥಿಗಳ ಸ್ಪರ್ಧೆಯೂ ನಡೆದಿದೆ. ಉಚಿತ ಆವೃತ್ತಿಗಳಲ್ಲಿ ಮೆಶ್ ಗಾತ್ರಕ್ಕೆ ಮಿತಿ ಇರುತ್ತೆ, ಅದನ್ನು ಮೊದಲೇ ನೋಡಿಕೊಳ್ಳಿ. ಹಾಸ್ಟೆಲಿನಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಓಡಾಡುವ ಕ್ರ್ಯಾಕ್ ಆವೃತ್ತಿ ಮಾತ್ರ ಬೇಡವೇ ಬೇಡ. ವೈರಸ್ ಒಂದು ಕಡೆಯಾದರೆ, ಅದರಲ್ಲಿ ಮಾಡಿದ ಕೆಲಸವನ್ನು ಯಾವ ಸ್ಪರ್ಧೆಗೂ ಧೈರ್ಯವಾಗಿ ಕಳಿಸಲು ಆಗಲ್ಲ.

ಹೆಜ್ಜೆ 3: ಸಾಫ್ಟ್‌ವೇರಿನಲ್ಲಿ ಆಂಟೆನಾದ ಮಾದರಿ ಬರೆಯುವುದು. ಎರಡು ಗಂಟೆ ಕೆಲಸ, ಯೂನಿಟ್ ಮಿಲಿಮೀಟರಿಗೆ ಇಡಿ, ಅಷ್ಟೇ. ಒಮ್ಮೆ ಒಂದು ತಂಡ ಅದನ್ನು ಮೀಟರಿನಲ್ಲೇ ಬಿಟ್ಟಿತ್ತು. 86 ಮೀಟರ್ ಎತ್ತರದ ಆಂಟೆನಾ! "ರಾತ್ರಿಯಿಂದ ಓಡಾಕತ್ತೈತ್ರಿ ಸರ್, ಇನ್ನಾ ಮುಗೀವಲ್ದು" ಅಂತ ಬೆಳಿಗ್ಗೆ ಬಂದರು. ಲ್ಯಾಪ್‌ಟಾಪ್ ಇಸ್ತ್ರಿ ಪೆಟ್ಟಿಗೆಯಂತೆ ಕಾದಿತ್ತು.

ಹೆಜ್ಜೆ 4: ಉತ್ತರ ಗೊತ್ತಿರುವ ಲೆಕ್ಕ ಮೊದಲು. ಮಣ್ಣು, ಕಬ್ಬು ಎಲ್ಲ ತೆಗೆದುಹಾಕಿ. ಕೊನೆಯಿಲ್ಲದ ಲೋಹದ ನೆಲದ ಮೇಲೆ ಕಾಲು ತರಂಗದ ತಂತಿ ಇಟ್ಟರೆ ಅನುರಣನದ (ರೆಸೊನೆನ್ಸ್) ಹೊತ್ತಿಗೆ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಆಂಟೆನಾ ಒಡ್ಡುವ ತಡೆ, ಸುಮಾರು 36 ಓಮ್ ಬರಬೇಕು. ಗೇನ್, ಅಂದರೆ ಆಂಟೆನಾ ಒಂದು ದಿಕ್ಕಿಗೆ ಎಷ್ಟು ಜೋರಾಗಿ ಕಳಿಸುತ್ತೆ ಅನ್ನುವುದು, 5 ಡಿಬಿಐಗಿಂತ (ಎಲ್ಲ ದಿಕ್ಕಿಗೂ ಸಮನಾಗಿ ಕಳಿಸುವ ಆಂಟೆನಾಗೆ ಹೋಲಿಸಿದ ಡೆಸಿಬೆಲ್) ಸ್ವಲ್ಪ ಮೇಲೆ. ಪೋರ್ಟ್ (ಆಂಟೆನಾಗೆ ಸಿಗ್ನಲ್ ಕೊಡುವ ಜಾಗ) 50 ಓಮ್ ಇದ್ದರೆ ಎಸ್-11, ಅಂದರೆ ಆಂಟೆನಾದಿಂದ ವಾಪಸ್ ಬರುವ ಸಿಗ್ನಲ್ಲಿನ ಅಳತೆ, ಹತ್ತಿರ ಹತ್ತಿರ ಮೈನಸ್ 16 ಡೆಸಿಬೆಲ್. ನಿಮಗೆ ಮೈನಸ್ 40 ಬಂತಾ? ಖುಷಿಪಡಬೇಡಿ, ಎಲ್ಲೋ ತಪ್ಪಾಗಿದೆ, ಪೋರ್ಟ್ ನೋಡಿ. ಅಂದಹಾಗೆ ತಂತಿಯನ್ನು 86 ಮಿಲಿಮೀಟರಿಗಿಂತ ಸ್ವಲ್ಪ ಗಿಡ್ಡ ಮಾಡಿದರೇ ಅನುರಣನ ಸರಿಯಾದ ಜಾಗಕ್ಕೆ ಬರುತ್ತೆ.

ಹೆಜ್ಜೆ 5: ಮೆಶ್. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಮುಕ್ಕಾಲು ಪಾಲು ತಂಡಗಳು ಎಡವುವುದು ಇಲ್ಲಿ. ಸಾಫ್ಟ್‌ವೇರ್ ನಿಮ್ಮ ಮಾದರಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಒಂದೊಂದರಲ್ಲೂ ಕರೆಂಟ್ ಎಷ್ಟು ಅಂತ ಲೆಕ್ಕ ಹಾಕುತ್ತೆ. ತುಂಡು ದೊಡ್ಡದಾದರೆ ಉತ್ತರ ಸುಳ್ಳು, ಆದರೆ ಚಿತ್ರ ಅಷ್ಟೇ ಚೆಂದ ಬರುತ್ತೆ, ಅದೇ ಅಪಾಯ. ಒಂದು ತರಂಗದ ಉದ್ದಕ್ಕೆ 8 ತುಂಡು ಇಟ್ಟು ಓಡಿಸಿ, ಆಮೇಲೆ 12, ಆಮೇಲೆ 18. ಪ್ರತಿ ಸಲ ಅನುರಣನದ ಆವರ್ತನ ಮತ್ತು ಇಂಪಿಡೆನ್ಸ್ ಬರೆದಿಡಿ. ಕೊನೆಯ ಎರಡರ ನಡುವೆ ಆವರ್ತನ ಶೇ 1ಕ್ಕಿಂತ ಕಡಿಮೆ ಸರಿದರೆ ನನಗೆ ಸಾಕು. ಆವರ್ತನ ಇನ್ನೂ ಸರಿಯುತ್ತಲೇ ಇದ್ದರೆ ನೀವು ನೋಡುತ್ತಿರುವುದು ಆಂಟೆನಾ ಅಲ್ಲ, ಮೆಶ್.

ಸುಮ್ನೆ ಒಂದೇ ಸಲ ತುಂಡನ್ನು ಅರ್ಧ ಮಾಡಲು ಹೋಗಬೇಡಿ. ಫೆಕೋದ ಮಾಮೂಲಿ ವಿಧಾನದಲ್ಲಿ ಮೇಲ್ಮೈಯನ್ನು ಕತ್ತರಿಸಿದ ತ್ರಿಕೋನದ ಬದಿ ಅರ್ಧವಾದರೆ ತ್ರಿಕೋನಗಳು 4 ಪಟ್ಟು, ಮೆಮೊರಿ 16 ಪಟ್ಟು. 10,000 ಅಜ್ಞಾತಗಳಿಗೆ (ಕಂಡುಹಿಡಿಯಬೇಕಾದ ಕರೆಂಟುಗಳಿಗೆ) 1.6 ಜಿಬಿ ಸಾಕಾದರೆ 40,000ಕ್ಕೆ 25 ಜಿಬಿ ದಾಟುತ್ತೆ, 16 ಜಿಬಿ ಲ್ಯಾಪ್‌ಟಾಪ್ ಅಲ್ಲೇ ಕೈಚೆಲ್ಲುತ್ತೆ. ಒಂದೂವರೆ ಪಟ್ಟಿನಂತೆ ಹೋದರೆ ಪ್ರತಿ ಸಲ ಮೆಮೊರಿ ಸುಮಾರು 5 ಪಟ್ಟು, ಹೇಗೋ ಸುಧಾರಿಸಬಹುದು.

ಎಡವುವ ಜಾಗ ಇನ್ನೊಂದಿದೆ. ಮಣ್ಣಿನ ದಿಮ್ಮಿಯನ್ನೂ ಮಾದರಿಗೆ ಸೇರಿಸಿದಾಗ ಅದಕ್ಕೂ ಗಾಳಿಯ ತರಂಗದ ಲೆಕ್ಕದಲ್ಲೇ ಮೆಶ್ ಹಾಕಿಬಿಡುತ್ತಾರೆ. ಚೆನ್ನಾಗಿ ನೀರುಂಡ ಮಣ್ಣಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತೆ ಅನ್ನುವ ಸಂಖ್ಯೆ) 25 ಅಂತಿಟ್ಟುಕೊಳ್ಳಿ. ಅದರೊಳಗೆ ತರಂಗ ಆ ಸಂಖ್ಯೆಯ ವರ್ಗಮೂಲದಷ್ಟು, ಅಂದರೆ 5 ಪಟ್ಟು ಕುಗ್ಗುತ್ತೆ, 346 ಹೋಗಿ 69 ಮಿಲಿಮೀಟರ್ ಆಗುತ್ತೆ. ತುಂಡೂ ಅಷ್ಟೇ ಸಣ್ಣದಾಗಬೇಕಲ್ವಾ? ಹಾಗಂತ ತಂತಿಯನ್ನು ಸಿಕ್ಕಾಪಟ್ಟೆ ಕೊಚ್ಚಬೇಡಿ. ತಂತಿಯ ತುಂಡು ಅದರ ದಪ್ಪಕ್ಕಿಂತ ಸಾಕಷ್ಟು ಉದ್ದ ಇರಲೇಬೇಕು, ಇಲ್ಲದಿದ್ದರೆ ತೆಳು ತಂತಿ ಅನ್ನುವ ಲೆಕ್ಕವೇ ಕೆಡುತ್ತೆ. ಆಗ ಸಾಫ್ಟ್‌ವೇರ್ ಕೊಡುವ ಎಚ್ಚರಿಕೆಯನ್ನು ಓದದೆ ಓಕೆ ಒತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಹೆಜ್ಜೆ 6: ಈಗ ನಿಜವಾದ ಪ್ರಶ್ನೆ. ಮಣ್ಣಿಗೆ ಒಂದೇ ಸಂಖ್ಯೆ ಹಾಕಿ ಮುಗಿಸಬೇಡಿ. ಒಣ ಮಣ್ಣಿನ ಪರ್ಮಿಟಿವಿಟಿ 3–4, ಹಸಿಯದು 20 ದಾಟುತ್ತೆ. ಬೇಸಿಗೆಯ ಹೊಲ, ನೀರು ಬಿಟ್ಟ ಮರುದಿನದ ಹೊಲ ಎರಡನ್ನೂ ಓಡಿಸಿ, ಮಣ್ಣಿನ ವಾಹಕತೆಯನ್ನೂ (ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನುವುದು) ಸೇರಿಸಿ. ತಂತಿಯನ್ನು ನೆಲದಿಂದ ಎಷ್ಟು ಎತ್ತಿದರೆ ಎರಡೂ ದಿನ ಕೆಲಸ ಮಾಡುತ್ತೆ ಅಂತ ತೋರಿಸಿದರೆ ಅದೇ ನಿಮ್ಮ ರಿಪೋರ್ಟ್.

ಹೆಜ್ಜೆ 7: ಬರೆಯುವುದು. ಹೆಜ್ಜೆ 5ರಲ್ಲಿ ಬರೆದಿಟ್ಟ ಮೆಶ್ ಟೇಬಲ್ ಎರಡನೇ ಪುಟದಲ್ಲೇ ಇರಲಿ. ಬಣ್ಣದ ಚಿತ್ರ ಮೂರಕ್ಕಿಂತ ಜಾಸ್ತಿ ಬೇಡ, ಪ್ರತಿಯೊಂದಕ್ಕೂ ಒಂದೇ ಸ್ಕೇಲ್. ಗೇನ್ ಬರೆಯುವ ಜಾಗದಲ್ಲಿ ಡೈರೆಕ್ಟಿವಿಟಿ (ಹೊರಟ ಶಕ್ತಿ ಒಂದು ದಿಕ್ಕಿಗೆ ಎಷ್ಟು ಒಟ್ಟಾಗಿದೆ ಅನ್ನುವುದು ಮಾತ್ರ) ಬರೆಯಬೇಡಿ, ಹಸಿ ಮಣ್ಣು ಶಕ್ತಿಯನ್ನು ನುಂಗುವುದು ಡೈರೆಕ್ಟಿವಿಟಿಯಲ್ಲಿ ಕಾಣುವುದೇ ಇಲ್ಲ. ಕೊನೆಯ ದಿನಾಂಕ ಯಾವ ದೇಶದ ಗಡಿಯಾರದ್ದು ಅಂತ ನಿಯಮದಲ್ಲಿ ನೋಡಿ, ಒಂದು ದಿನ ಮೊದಲೇ ಕಳಿಸಿ. ಮಾದರಿಯ ಫೈಲುಗಳನ್ನು ಫಲಿತಾಂಶ ಬರುವವರೆಗೆ ಅಳಿಸಬೇಡಿ, ತೀರ್ಪುಗಾರರು ಕೇಳಿದರೆ ಕೊಡಬೇಕಾಗುತ್ತೆ.