ಮೊದಲು ಕಚೇರಿ, ಆಮೇಲೆ ಹಾರ

ನಮ್ಮದು ಬೆಂಗಳೂರಿನ ಒಂದು ಸಣ್ಣ ಸಂಗೀತ ಸಭೆ. ವರ್ಷಕ್ಕೊಮ್ಮೆ ಊರಿನ ಕಲಾವಿದರಿಗೆ ಸನ್ಮಾನ ಮಾಡುತ್ತೇವೆ. ವೇದಿಕೆಯ ಉಸ್ತುವಾರಿ ನನ್ನದು. ದೊಡ್ಡ ಗೌರವಗಳಿಗೆ ಈ ಊರಲ್ಲಿ ಕೊರತೆಯಿಲ್ಲ: 1905ರಷ್ಟು ಹಳೆಯದಾದ ಗಾಯನ ಸಮಾಜದ ‘ಸಂಗೀತ ಕಲಾರತ್ನ’ ಇದೆ, ಸಂಗೀತ ನೃತ್ಯ ಅಕಾಡೆಮಿಯ ‘ಕರ್ನಾಟಕ ಕಲಾಶ್ರೀ’ ಇದೆ. ಹಾಗಾಗಿ ನಾವು ಹುಡುಕುವುದು ಕರಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು ಬೀಳುವವರನ್ನು. ಘಟ, ಮೋರ್ಸಿಂಗ್, ಹಾರ್ಮೋನಿಯಂ, ದೇವಸ್ಥಾನದ ನಾಗಸ್ವರ, ಡೋಲು. ನಾಗಸ್ವರದವರಿಗೆ ಸನ್ಮಾನವಿದ್ದ ದಿನ ಅತಿಥಿಗಳ ಸ್ವಾಗತಕ್ಕೆ ಅವರನ್ನೇ ಬಾಗಿಲಲ್ಲಿ ನಿಲ್ಲಿಸಿ ಊದಿಸಬಾರದು. ಇದನ್ನೂ ಸಮಿತಿಗೆ ಬಿಡಿಸಿ ಹೇಳಬೇಕಾಗುತ್ತದೆ!

ನನ್ನ ಹೆಚ್ಚಿನ ಸಮಯ ಹೋಗುವುದು ಬಿನ್ನವತ್ತಳೆಗೆ. ‘ನಾದಲೋಕದ ಧ್ರುವತಾರೆ’ ಅಂತ ಬರೆದರೆ ಯಾರಿಗೆ ಬೇಕಾದರೂ ಓದಿ ಕೊಡಬಹುದು. ಅದಕ್ಕೇ ಮನೆಗೆ ಹೋಗಿ ಕೂತು ಮಾತಾಡುತ್ತೇನೆ. ಒಬ್ಬ ಘಟ ವಿದ್ವಾಂಸರ ಮನೆಯ ಅಟ್ಟದಲ್ಲಿ ಘಟಗಳನ್ನು ಹಳೇ ಸೀರೆ ಸುತ್ತಿ ಸಾಲಾಗಿ ಇಟ್ಟಿದ್ದರು. ಮೃದಂಗದ ಹಾಗೆ ಘಟವನ್ನು ಬಿಗಿದು ಶ್ರುತಿ ಏರಿಸಲಾಗದು; ಹಾಡುವವರ ಶ್ರುತಿಗೆ ತಕ್ಕ ಘಟವನ್ನೇ ಒಯ್ಯಬೇಕು. ಅವರ ಮನೆಯವರು ಕಾಫಿ ಕೊಡುತ್ತಾ, “ಬಸ್ಸಲ್ಲಿ ಘಟಕ್ಕೆ ಅಂತ ಸೀಟು ಕೇಳೋರು ಸಾರ್, ಇವರು ನಿಂತ್ಕೊಂಡೇ ಬರೋರು” ಅಂದರು. ಬಿನ್ನವತ್ತಳೆಯಲ್ಲಿ ಅದನ್ನೇ ಬರೆದೆ. ಸಭೆಯಲ್ಲಿ ಓದಿದಾಗ ಮೊದಲು ನಕ್ಕವರು ಮುಂದಿನ ಸಾಲಿನಲ್ಲಿದ್ದ ಮೃದಂಗದವರು.

ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ತರುವುದು ದೊಡ್ಡ ವಿಷಯವಲ್ಲ. ಮೈಸೂರು ಪೇಟ ಮಾತ್ರ ತಕರಾರಿನದು. ಸಡಿಲವಾದರೆ ಫೋಟೋ ತೆಗೆಯುವ ಹೊತ್ತಿಗೆ ಕಣ್ಣಿನ ಮೇಲೆ ಕೂತಿರುತ್ತದೆ. ಮನೆಯವರಿಗೆ ಫೋನ್ ಮಾಡಿ, ತಲೆಗೆ ಟೇಪು ಸುತ್ತಿಸಿ ಅಳತೆ ತರಿಸಿಕೊಳ್ಳುತ್ತೇನೆ. ಮಲ್ಲಿಗೆ ಮುಡಿದು ಬರುವ ವಿದುಷಿಯರನ್ನು ಪೇಟ ಬೇಕೇ ಅಂತ ಮೊದಲೇ ಕೇಳಿಬಿಡುವುದು ಒಳ್ಳೆಯದು.

ಸನ್ಮಾನಿತರೇ ಅಂದು ನುಡಿಸುವುದಿದ್ದರೆ ಕಚೇರಿ ಮೊದಲು. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಮೃದಂಗದ ಎಡಕ್ಕೆ ರವೆ ಮೆತ್ತಿ, ಶ್ರುತಿ ಕೂಡಿಸಿಕೊಂಡು ಕೂತವರನ್ನು ಭಾಷಣಕ್ಕೆ ಕಾಯಿಸಿದರೆ ರವೆ ಒಣಗುತ್ತದೆ, ಎಡದ ನಾದ ಹೋಗುತ್ತದೆ. ಅತಿಥಿಗಳಿಗೆ ಏಳಕ್ಕೆ ಬನ್ನಿ ಅನ್ನುತ್ತೇವೆ. ನಮ್ಮ ಟ್ರಾಫಿಕ್ಕಿನಲ್ಲಿ ಅವರು ಬರುವಷ್ಟರಲ್ಲಿ ಕಚೇರಿಯ ಕೊನೆಯ ಹೊತ್ತಿಗೆ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನವೂ ಮುಗಿದಿರುತ್ತದೆ. ಕೇಳುಗರೂ ಅಷ್ಟು ಹೊತ್ತಿಗೆ ಕಲಾವಿದರು ಯಾರೆಂದು ಕೇಳಿಯೇ ತಿಳಿದಿರುತ್ತಾರೆ, ಪರಿಚಯ ಉದ್ದ ಮಾಡಬೇಕಿಲ್ಲ. ಅತಿಥಿಗಳ ಮಾತು ಉದ್ದವಾದರೆ ನಿರೂಪಕಿಗೆ ನಾನು ಪಕ್ಕದಿಂದ ಸನ್ನೆ ಮಾಡುತ್ತೇನೆ, ಅವರು ಹಾರದ ತಟ್ಟೆ ಹಿಡಿದು ನಗುತ್ತಾ ಮುಂದೆ ಬರುತ್ತಾರೆ. ಸಾಮಾನ್ಯವಾಗಿ ಅರ್ಥವಾಗುತ್ತದೆ.

ಗೌರವಧನವನ್ನು ಹಿಂದಿನ ದಿನವೇ ಅವರ ಖಾತೆಗೆ ಹಾಕಿಸುತ್ತೇನೆ. ವೇದಿಕೆಯ ಮೇಲೆ ಬರೀ ಕವರು ಕೊಟ್ಟು, “ಚೆಕ್ಕು ಆಮೇಲೆ ಕಳಿಸ್ತೀವಿ” ಅನ್ನುವ ಪದ್ಧತಿಯನ್ನು ಬೇರೆ ಕಡೆ ಸಾಕಷ್ಟು ನೋಡಿದ್ದೇನೆ. ಮನೆಗೆ ಬಿಡಲು ಕಾರೂ ನಮ್ಮದೇ. ಘಟ, ಹಣ್ಣಿನ ಬುಟ್ಟಿ, ಫಲಕ ಎಲ್ಲ ಹಿಡಿದು ರಾತ್ರಿ ಹತ್ತಕ್ಕೆ ಆಟೋದವರ ಜೊತೆ ಚೌಕಾಸಿ ಮಾಡುವುದು ಆ ವಯಸ್ಸಿನವರಿಂದ ಆಗುವ ಕೆಲಸವಲ್ಲ.